‘ಸೆಂಟರ್ ಡ್ರಾಪ್’ ಎಂದು ಹೇಳುವ ಎಕ್ಸಾಮ್ ಸ್ಪೆಷಲ್ ಬಸ್‌ಗೆ ದಯವಿಟ್ಟು ದುಡ್ಡು ಕಟ್ಟಬೇಡಿ

ನಿನ್ನೆ ರಾತ್ರಿ ನಮ್ಮೂರಿನ ಒಬ್ಬ ಟ್ರಾವೆಲ್ಸ್‌ನವನ ವಾಟ್ಸಾಪ್ ಸ್ಟೇಟಸ್ ನೋಡಿದೆ. ಐದು ಜನ ಹುಡುಗಿಯರು ಬಸ್ಸಿನ ಮುಂದೆ ಹಾಲ್ ಟಿಕೆಟ್ ಹಿಡಿದು ನಗುತ್ತಾ ನಿಂತಿದ್ದಾರೆ. ಕೆಳಗೆ ‘ಮುಂದಿನ ಪರೀಕ್ಷೆಗೆ ಬುಕಿಂಗ್ ಶುರು’ ಎಂದು ಬರೆದಿದೆ. ಎಡಗಡೆಯಿಂದ ಎರಡನೆಯವಳು ನಾನು. ಆ ಐವರಲ್ಲಿ ಮೂವರು ಪರೀಕ್ಷೆಯನ್ನೇ ಬರೆದಿಲ್ಲ. ಇಷ್ಟು ದಿನ ಮರ್ಯಾದೆಗೆ ಅಂಜಿ ಸುಮ್ಮನಿದ್ದೆ. ನನ್ನ ಮುಖ ತೋರಿಸಿ ಇನ್ನೊಬ್ಬರ ಹತ್ತಿರ ದುಡ್ಡು ಎತ್ತುತ್ತಿದ್ದಾನೆ ಅಂದಮೇಲೆ ಎಂಥ ಮರ್ಯಾದೆ?

ನಮ್ಮೂರು ಸಿಂಧನೂರು. ಪರೀಕ್ಷೆ ರೈಲ್ವೆ ಎನ್‌ಟಿಪಿಸಿ, ಅಂದರೆ ರೈಲ್ವೆಯ ತಾಂತ್ರಿಕವಲ್ಲದ ಹುದ್ದೆಗಳದ್ದು, 2025ರ ಜೂನ್‌ನಲ್ಲಿ ನಡೆದದ್ದು. ಓದುತ್ತಿರುವವರಿಗೆ ಗೊತ್ತಿದೆ, 2019ರಲ್ಲಿ ಅರ್ಜಿ ಕರೆದವರು ಮತ್ತೆ ಕರೆದದ್ದು 2024ರಲ್ಲಿ. ಐದು ವರ್ಷ ಕಾಯ್ದ ಪರೀಕ್ಷೆ ಇದು. ಯಾವ ಊರು ಎಂದು ತಿಳಿಯುವುದು 10 ದಿನ ಇರುವಾಗ. ಯಾವ ಕಾಲೇಜು ಎಂದು ತಿಳಿಯುವುದು ಹಾಲ್ ಟಿಕೆಟ್ ಬಂದ ಮೇಲೆ, ಅಂದರೆ 4 ದಿನ ಇರುವಾಗ. ರೈಲಿನ ಟಿಕೆಟ್ ಮಾತ್ರ 60 ದಿನ ಮೊದಲೇ ಓಪನ್ ಆಗಿರುತ್ತದೆ. ನಾವು ನೋಡುವಷ್ಟರಲ್ಲಿ ವೇಟಿಂಗ್ ಲಿಸ್ಟ್. ನಮ್ಮೂರಿಗೆ ರೈಲು ಬಂದದ್ದೇ 2024ರಲ್ಲಿ. ರೈಲ್ವೆ ಕೆಲಸದ ಪರೀಕ್ಷೆಗೆ ರೈಲಿನಲ್ಲಿ ಹೋಗಲು ಜಾಗ ಇಲ್ಲ. ನಗಬೇಕೋ ಅಳಬೇಕೋ ನೀವೇ ಹೇಳಿ.

ನನಗೆ ಬಂದದ್ದು ಬೆಂಗಳೂರು, ಹೊಸಕೋಟೆ ರಸ್ತೆ ಕಡೆಯ ಒಂದು ಕಾಲೇಜು. ಬೆಳಗಿನ ಶಿಫ್ಟ್. ಏಳೂವರೆಗೆ ಹಾಜರಿ, ಎಂಟೂವರೆಗೆ ಗೇಟ್ ಬಂದ್, ಒಂಬತ್ತಕ್ಕೆ ಪರೀಕ್ಷೆ. ಬೆಂಗಳೂರಿನಲ್ಲಿ ನಮಗೆ ನೆಂಟರು ಯಾರೂ ಇಲ್ಲ. ಅಪ್ಪನಿಗೆ ಮೊಣಕಾಲು ನೋವು, ಜೊತೆಗೆ ಬರಲು ಆಗುವುದಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಟ್ರಾವೆಲ್ಸ್ ಅಂಗಡಿಯ ಬೋರ್ಡ್. ಎಕ್ಸಾಮ್ ಸ್ಪೆಷಲ್ ಸ್ಲೀಪರ್. ಹೋಗಿ ಬರಲು 2,400 ರೂಪಾಯಿ. ಫ್ರೆಶ್‌ಅಪ್ ರೂಮ್, ಸೆಂಟರ್ ಡ್ರಾಪ್ ಎಲ್ಲ ಸೇರಿ. ಒಳಗಿದ್ದವನು ಬಹಳ ಮರ್ಯಾದೆಯಿಂದ ಮಾತಾಡಿದ. ‘ಚಿಂತಿ ಬಿಡು ತಂಗಿ, ನಿಮ್ಮಣ್ಣ ಅದಾನ ಅಂತ ತಿಳ್ಕೊ. ಬೆಳಿಗ್ಗೆ ಐದೂವರಿಗೆ ಬೆಂಗಳೂರಾಗ ಇರ್ತೀರಿ. ಮುಖ ತೊಳಕೊಂಡು, ಟಿಫಿನ್ ಮಾಡಿ, ಆರಾಮ ಸೆಂಟರ್‌ಗೆ ಹೋಗೋದು’ ಅಂದ.

ಸರ್ಕಾರಿ ಬಸ್ ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು. ಅದೂ ನನಗೆ ಫ್ರೀ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಕೆಂಪು ಬಸ್ ಹತ್ತಿದ್ದರೆ ಒಂದು ರೂಪಾಯಿ ಖರ್ಚಿಲ್ಲ. ರಾತ್ರಿಯಿಡೀ ಕೂತು ಹೋದರೆ ನಿದ್ದೆ ಕೆಡುತ್ತದೆ, 90 ನಿಮಿಷದಲ್ಲಿ 100 ಪ್ರಶ್ನೆ ಮಾಡಬೇಕು, ತಪ್ಪಾದರೆ ಮೈನಸ್ ಬೇರೆ, ಅಂತ ನಾನೇ ಲೆಕ್ಕ ಹಾಕಿದೆ. ಫ್ರೀ ಬಸ್ ಬಿಟ್ಟು ದುಡ್ಡು ಕೊಟ್ಟು ಮೋಸ ಹೋದವಳು ನಾನು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಇನ್ನೊಂದು ಮಾತು ಇದೆ. ಬರೆಯಲು ಕಷ್ಟ, ಆದರೂ ಬರೆಯುತ್ತೇನೆ. ‘ನಾಲ್ಕು ಮಂದಿನ್ನ ಕರ್ಕೊಂಡು ಬಾ, ನಿನಗ 300 ಕಡಿಮಿ ಮಾಡ್ತೀನಿ’ ಅಂದ. ನಾನು ನಮ್ಮ ಕೋಚಿಂಗ್ ಗ್ರೂಪಿನಲ್ಲಿ ಮೆಸೇಜ್ ಹಾಕಿದೆ. ‘ಒಳ್ಳೆ ಬಸ್ ಇದೆ, ನಾನು ವಿಚಾರಿಸಿದ್ದೇನೆ’ ಎಂದು. ನಾನು ವಿಚಾರಿಸಿದ್ದೇನೆ! ಏನು ವಿಚಾರಿಸಿದ್ದೆ? ಅವನು ಹೇಳಿದ್ದನ್ನು ಕೇಳಿಕೊಂಡು ಬಂದಿದ್ದೆ ಅಷ್ಟೇ. ಅದೇ ದಿನ ಪರೀಕ್ಷೆ ಇದ್ದ ನಾಲ್ವರು ನನ್ನ ಮಾತು ನಂಬಿ ತಲಾ 2,400 ಕಟ್ಟಿದರು. ನಾನು 2,100 ಕಟ್ಟಿದೆ. ಈ 300ರ ವಿಷಯ ಅವರಿಗೆ ಇವತ್ತಿನವರೆಗೂ ಗೊತ್ತಿಲ್ಲ. ಈಗ ಗೊತ್ತಾಗಲಿ.

ದುಡ್ಡು ಹೋದದ್ದು ಫೋನ್ ಪೇಯಲ್ಲಿ, ಯಾರೋ ಹೆಂಗಸಿನ ಹೆಸರಿಗೆ. ಅಂಗಡಿಯ ಹೆಸರಿಗಲ್ಲ. ಕೊಟ್ಟದ್ದು ಒಂದು ಚೀಟಿ. ಅದರಲ್ಲಿ ಬಸ್ ನಂಬರ್ ಇಲ್ಲ, ಸೀಟ್ ನಂಬರ್ ಇಲ್ಲ, ಒಂದು ಸೀಲ್ ಮತ್ತು ಪೆನ್ನಿನಲ್ಲಿ ಬರೆದ ‘ಪೇಯ್ಡ್’.

ಬಸ್ ಎಂಟೂವರೆಗೆ ಬಿಡಬೇಕಿತ್ತು. ಬಂದದ್ದೇ ಹತ್ತಕ್ಕೆ. ಸ್ಲೀಪರ್ ಅಲ್ಲ, ಸೀಟ್ ಬಸ್. ಕೇಳಿದರೆ ‘ಸ್ಲೀಪರ್ ಗಾಡಿ ರಿಪೇರಿಗೆ ಹೋಗೈತಿ ತಂಗಿ, ಇದೂ ಪುಶ್‌ಬ್ಯಾಕ್ ಐತಿ, ನಿದ್ದಿ ಹತ್ತತೈತಿ’ ಅಂದ. ಅಲ್ಲೇ ಇಳಿದು ಬಿಡಬೇಕಿತ್ತು. ಬದಲಿಗೆ ಏನು ಮಾಡಿದೆವು? ಅವನು ‘ಒಂದು ಫೋಟೊ ತಕ್ಕೊಳೋಣ, ಆಲ್ ದಿ ಬೆಸ್ಟ್’ ಅಂದ. ನಿಂತು ನಕ್ಕೆವು. ಅದೇ ಫೋಟೊ.

ಸಿರುಗುಪ್ಪದಲ್ಲಿ ಜನ ತುಂಬಿಸಿದರು. ನಡುವಿನ ದಾರಿಯಲ್ಲಿ ಸ್ಟೂಲ್ ಹಾಕಿ ಕೂರಿಸಿದರು. ಬಳ್ಳಾರಿಯಲ್ಲಿ ನಡುರಾತ್ರಿ ಜೀನ್ಸ್ ಪ್ಯಾಂಟಿನ ಬಂಡಲ್‌ಗಳನ್ನು ಹೇರತೊಡಗಿದರು. ಡಿಕ್ಕಿ ತುಂಬಿದ ಮೇಲೆ ಟಾಪ್ ಮೇಲೆ. ಐವತ್ತು ನಿಮಿಷ. ಬಳ್ಳಾರಿ ಜೀನ್ಸ್ ಬೆಂಗಳೂರಿಗೆ ಹೋಗಲಿ, ಬೇಡ ಅನ್ನುವುದಿಲ್ಲ. ಆದರೆ ಎಕ್ಸಾಮ್ ಸ್ಪೆಷಲ್ ಬಸ್ಸಿನಲ್ಲಾ? ಆಗ ಅರ್ಥವಾಯಿತು, ಇದು ಲಗೇಜ್ ಗಾಡಿ, ನಾವು ಮೇಲಿನ ಲಾಭ.

ಹಿರಿಯೂರು, ಶಿರಾ ದಾಟಿ ತುಮಕೂರು ಹತ್ತಿರ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರು. ಐದೂಮುಕ್ಕಾಲು. ‘ಫ್ರೆಶ್‌ಅಪ್ ಆಗೋರು ಆಗ್ರಿ’ ಎಂದು ಕ್ಲೀನರ್ ಕೂಗಿದ. ಇದೇನಾ ರೂಮ್ ಎಂದು ಕೇಳಿದೆ. ‘ನೀರು ಬರ್ತೈತಲ್ಲ ಅಕ್ಕಾ’ ಅಂದ. ನಲವತ್ತು ಜನಕ್ಕೆ ಒಂದು ನಲ್ಲಿ. ಚಿಲಕ ಇಲ್ಲದ ಬಾಗಿಲು. ನಾವು ಸರದಿಯಲ್ಲಿ ನಿಂತಿದ್ದಾಗ ಹೆದ್ದಾರಿಯಲ್ಲಿ ನಮ್ಮ ಕಡೆಯ ಕೆಂಪು ಬಸ್ಸೊಂದು ದಾಟಿ ಹೋಯಿತು. ಕಿಟಕಿಗೆ ತಲೆ ಇಟ್ಟು ಹೆಂಗಸರು ಮಲಗಿದ್ದರು. ಎಲ್ಲ ಫ್ರೀ ಟಿಕೆಟ್. ಅದನ್ನು ನೋಡಿದಾಗ ಹೊಟ್ಟೆಯಲ್ಲಿ ಆದದ್ದನ್ನು ಬರೆಯಲು ಆಗುವುದಿಲ್ಲ.

ಏಳು ಹತ್ತಕ್ಕೆ ತುಮಕೂರು ರಸ್ತೆಯ 8ನೇ ಮೈಲಿಯಲ್ಲಿ ಬಸ್ ನಿಂತಿತು. ‘ಬೆಂಗಳೂರು, ಇಳೀರಿ’. ನಾನು ಸೆಂಟರ್ ಡ್ರಾಪ್ ಎಂದೆ. ಡ್ರೈವರ್ ನಕ್ಕ. ‘ನಮಗ ಯಾರೂ ಹೇಳಿಲ್ಲ, ಬುಕಿಂಗ್‌ನವರಿಗೆ ಕೇಳ್ರಿ’ ಅಂದ. ಫೋನ್ ಮಾಡಿದೆ. ಮೂರನೇ ಸಲಕ್ಕೆ ಎತ್ತಿದ. ನಿದ್ದೆಗಣ್ಣಿನ ದನಿ.

‘ಸೆಂಟರ್ ಡ್ರಾಪ್ ಅಂದ್ರ ಬೆಂಗಳೂರ್ ಸೆಂಟರ್‌ಗೆ ಬಿಡೋದು ತಂಗಿ. ಒಬ್ಬೊಬ್ಬರನ್ನ ಕಾಲೇಜಿಗೆ ಬಿಡಾಕ ಇದೇನು ಆಟೋ ಏನು?’

ನಾನು ಒಂದು ಕ್ಷಣ ಮಾತೇ ಆಡಲಿಲ್ಲ. ಅಲ್ಲಿ ನಿಂತು ಅನಿಸಿದ್ದು ಸಿಟ್ಟಲ್ಲ, ನಾಚಿಕೆ. ಎಂ.ಎ. ಮಾಡಿದ್ದೇನೆ, ರೀಸನಿಂಗ್ ಎಂದರೆ ಕ್ಲಾಸಿನಲ್ಲಿ ನಾನೇ ಮುಂದೆ. ಎರಡು ಪದದ ಅರ್ಥ ಕೇಳಿಕೊಳ್ಳಲು ತಿಳಿಯಲಿಲ್ಲ.

‘8ನೇ ಮೈಲಿ ಬೆಂಗಳೂರ್ ಸೆಂಟರ್ ಏನ್ರಿ?’ ಎಂದು ಕೇಳಿದೆ. ‘ಬೆಂಗಳೂರ್ ಬೋರ್ಡ್ ದಾಟೈತಲ್ಲ’ ಅಂದು ಫೋನ್ ಇಟ್ಟ.

ಬೆಳಗಿನ ಶಿಫ್ಟ್ ನಮ್ಮ ಮೂವರಿಗೆ. ಮೂವರದ್ದೂ ಕೆ.ಆರ್. ಪುರ ದಾಟಿದ ಮೇಲಿನ ಕಾಲೇಜುಗಳು, ಅಂದರೆ ಊರಿನ ಪೂರ್ತಿ ಆ ತುದಿ. ಆಟೋದವರು 1,100 ಕೇಳಿದರು. ಕೊಟ್ಟೆವು. ಹತ್ತಿರದಲ್ಲೇ ನಾಗಸಂದ್ರ ಮೆಟ್ರೊ ಇತ್ತು, ಮೆಜೆಸ್ಟಿಕ್‌ನಲ್ಲಿ ಬದಲಿಸಿದರೆ ಕೆ.ಆರ್. ಪುರದವರೆಗೂ ಮೆಟ್ರೊ ಇದೆ ಎಂದು ಆಮೇಲೆ ಗೊತ್ತಾಯಿತು. ಹೆಬ್ಬಾಳದಲ್ಲಿ ನಿಂತೆವು. ನಾಗವಾರದಲ್ಲಿ ನಿಂತೆವು. ಟಿನ್ ಫ್ಯಾಕ್ಟರಿ ಹತ್ತಿರ ಆಟೋ ಅಲುಗಲೇ ಇಲ್ಲ. ನನ್ನ ಪಕ್ಕದ ಹುಡುಗಿ ಕಿವಿಯೋಲೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದಳು, ಗೇಟಿನಲ್ಲಿ ಒಂದು ನಿಮಿಷ ಉಳಿಯಲಿ ಎಂದು.

ಗೇಟ್ ಮುಟ್ಟಿದ್ದು ಎಂಟು ನಲವತ್ತೊಂದಕ್ಕೆ. ಹನ್ನೊಂದು ನಿಮಿಷ. ಸೆಕ್ಯೂರಿಟಿಯವರು ‘ನನ್ ಕೈಲಿ ಏನೂ ಇಲ್ಲಮ್ಮ, ಹೋಗಿ’ ಅಂದರು. ಅವರನ್ನು ಬೈಯುವುದಿಲ್ಲ. ನಿಯಮ ಹಾಲ್ ಟಿಕೆಟ್ ಮೇಲೆಯೇ ಬರೆದಿತ್ತು. ಒಳಗೆ ಹೋಗಲಿಲ್ಲ ಅಂದಮೇಲೆ ಅರ್ಜಿ ಶುಲ್ಕದ 250 ರೂಪಾಯಿಯೂ ಹೋಯಿತು. ಪರೀಕ್ಷೆಗೆ ಹಾಜರಾದವರಿಗೆ ಮಾತ್ರ ಅದು ವಾಪಸ್. ಮೂರನೆಯವಳ ಕಾಲೇಜಿಗೆ ಹೋಗುವ ಪ್ರಯತ್ನವನ್ನೂ ಮಾಡಲಿಲ್ಲ. ಅವಳು ರಸ್ತೆ ಬದಿಯಲ್ಲಿ ಕೂತು ಅಮ್ಮನಿಗೆ ಫೋನ್ ಮಾಡಿ ‘ಚಲೋ ಆತವ್ವ, ಬರೆದೆ’ ಅಂದಳು. ನಾನು ಕೇಳಿಸಿಕೊಂಡೆ. ಕರೆದುಕೊಂಡು ಬಂದವಳು ನಾನೇ ಅಲ್ವಾ.

ಮಧ್ಯಾಹ್ನದ ಶಿಫ್ಟಿನ ಇಬ್ಬರು ಬರೆದರು. ಅವನ ಪುಣ್ಯದಿಂದಲ್ಲ.

ವಾಪಸ್ ಬರಲು ಆ ಬಸ್ ಹತ್ತಲಿಲ್ಲ. ಕೆಂಪು ಬಸ್ಸಿನಲ್ಲಿ ಬಂದೆ, ಫ್ರೀಯಾಗಿ. ಕಾಲು ಚಾಚಲು ಜಾಗ ಇರಲಿಲ್ಲ. ಆದರೆ ಎಲ್ಲೂ ಬಂಡಲ್ ಹೇರಲಿಲ್ಲ.

ದುಡ್ಡು ಕೇಳಲು ಅಂಗಡಿಗೆ ಮೂರು ಸಲ ಹೋದೆ. ಮೊದಲ ಸಲ ‘ಓನರ್ ಊರಾಗಿಲ್ಲ’. ಆಮೇಲೆ ತಿಳಿಯಿತು, ಓನರ್ ಅವನೇ. ಎರಡನೇ ಸಲ ‘ಟ್ರಾಫಿಕ್ ನಮ್ಮ ಕೈಯಾಗ ಐತೇನು? ಗೇಟ್ ಮುಚ್ಚಿದ್ದು ನಾವೇನು?’ ಮೂರನೇ ಸಲ ಅಪ್ಪ ಕೋಲು ಊರಿಕೊಂಡು ಬಂದರು. ‘ಹಿರ್ಯಾರು ಬಂದೀರಿ, ಚಾ ಕುಡೀರಿ’ ಎಂದು ಚಹಾ ತರಿಸಿ 200 ರೂಪಾಯಿ ಮೇಜಿನ ಮೇಲೆ ಇಟ್ಟ. ಅಪ್ಪ ಚಹಾ ಕುಡಿಯಲಿಲ್ಲ, ದುಡ್ಡು ಮುಟ್ಟಲಿಲ್ಲ. ಗ್ರಾಹಕರ ಸಹಾಯವಾಣಿ 1915 ಇದೆ, ಗೊತ್ತು. ಅಲ್ಲಿ ಏನೆಂದು ಹೇಳಲಿ? ಬಸ್ ನಂಬರ್ ಇಲ್ಲದ ಚೀಟಿ, ಯಾವಳೋ ಹೆಸರಿಗೆ ಹೋದ ದುಡ್ಡು.

ಬಸ್ ನಂಬರ್ ಬರೆದ ಟಿಕೆಟ್ ಕೊಡದವನಿಗೆ ಪೈಸೆ ಕೊಡಬೇಡಿ. ಬೆಳಗಿನ ಶಿಫ್ಟ್ ಇದ್ದರೆ ಹಿಂದಿನ ದಿನ ಬೆಳಿಗ್ಗೆಯೇ ಹೊರಡಿ, ರಾತ್ರಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಕಳೆದರೂ ಸರಿ. ಡ್ರಾಪ್ ಅಂದರೆ ಎಲ್ಲಿಗೆ ಎಂದು ಜಾಗದ ಹೆಸರು ಹಾಕಿ ಬರೆಸಿಕೊಳ್ಳಿ. ‘ತಂಗಿ’ ಎಂದು ಕರೆಯುವವನಿಗೆ ಇನ್ನೂ ಎರಡು ಪ್ರಶ್ನೆ ಜಾಸ್ತಿ ಕೇಳಿ. ಮತ್ತೆ, ಜನ ಸೇರಿಸಿದರೆ ಕಡಿಮೆ ಮಾಡುತ್ತೇನೆ ಎಂದರೆ ಅಲ್ಲಿಂದ ಎದ್ದು ಬನ್ನಿ.

ನಿನ್ನೆ ಸ್ಟೇಟಸ್ ನೋಡಿದ ಕೂಡಲೇ ಆ ಫೋಟೊ ತೆಗೆಯಿರಿ ಎಂದು ಮೆಸೇಜ್ ಮಾಡಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು. ‘ಯಾಕ ತಂಗಿ, ಎಷ್ಟು ಚಲೋ ಬಂದೀರಿ. ಮುಂದಿನ ಎಕ್ಸಾಮ್‌ಗೆ ಹತ್ತು ಮಂದಿನ್ನ ಕರ್ಕೊಂಡು ಬಾ, ನಿಂದು ಪೂರ್ತಿ ಫ್ರೀ.’