ಮಂಚದ ಕೆಳಗೆ ಮೂರು ಚಕ್ರ: ಅಬಾರ್ಥ್ ಪುಂಟೊ, ಬಲೆನೊ ಆರ್‌ಎಸ್, ಪೋಲೊ ಜಿಟಿ

ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮನೆಯ ಮುಂದೆ ನಿಂತಿರುವುದು ಇಟಲಿಯ ಫಿಯಟ್ ಕಂಪನಿಯ ಕಾರು, ಅಬಾರ್ಥ್ ಪುಂಟೊ. ಹಾಗಾಗಿ ಈ ಹೋಲಿಕೆಯ ತಕ್ಕಡಿ ಶುರುವಿನಲ್ಲೇ ಒಂದು ಕಡೆ ವಾಲಿದೆ. ಭಾವನ ಬಲೆನೊ ಆರ್‌ಎಸ್ ನನ್ನ ಕೈಯಲ್ಲಿ ಎರಡು ವಾರ ಇತ್ತು. ಗೆಳೆಯನ ಪೋಲೊ ಜಿಟಿ ಟಿಎಸ್‌ಐಯಲ್ಲಿ ಮೈಸೂರಿನಿಂದ ಮಂಗಳೂರಿಗೆ ಹೋಗಿ ಬಂದೆ. ನನ್ನದಕ್ಕೆ ನಾಲ್ಕು ವರ್ಷದ ಒಡನಾಟ. 2020ರ ಏಪ್ರಿಲ್‌ನಲ್ಲಿ ಹೊಗೆ ಮಿತಿಯ ಹೊಸ ನಿಯಮ ಬಿಎಸ್‌-6 ಜಾರಿಗೆ ಬರುವ ಹೊತ್ತಿಗೆ ಈ ಮೂರೂ (ಪೋಲೊದ ಮಟ್ಟಿಗೆ 1.2 ಲೀಟರ್ ಎಂಜಿನ್ನಿನದು) ಷೋರೂಮಿನಿಂದ ಹೊರಬಿದ್ದಿದ್ದವು. ಈಗ ಯಾವುದನ್ನು ಬಯಸಿದರೂ ಕೈ ಬದಲಾದದ್ದೇ ಗತಿ.

ಅಬಾರ್ಥ್ ಬಂದದ್ದು 2015ರಲ್ಲಿ. 145 ಅಶ್ವಶಕ್ತಿ, 1.4 ಲೀಟರ್ ಟರ್ಬೊ ಎಂಜಿನ್. ಬೀದಿಯವರ ಕಣ್ಣಿಗೆ ಮಾತ್ರ ಅದು ಸ್ಟಿಕರ್ ಅಂಟಿಸಿದ ಹಳೇ ಪುಂಟೊ. ಮುಂದೆ ಕೂತ ಚೇಳಿನ ಲಾಂಛನ ಏಕೆಂದು ಅಮ್ಮ ಕೇಳಿದಳು. ಅಬಾರ್ಥ್ ಕಂಪನಿ ಕಟ್ಟಿದ ಕಾರ್ಲೊ ಅಬಾರ್ಥ್ ಹುಟ್ಟಿದ್ದು ನವೆಂಬರ್ 15ರಂದು, ರಾಶಿ ವೃಶ್ಚಿಕ, ಅದಕ್ಕೇ ಚೇಳು ಎಂದೆ. “ನಿನ್ನದೂ ಅದೇ ರಾಶಿ. ಇನ್ನು ಇಬ್ಬರ ಹಟವನ್ನೂ ನಾನೇ ನೋಡಬೇಕು” ಎಂದಳು.

ಸಂಪಾಜೆ ಘಾಟಿಯ ತಿರುವೊಂದನ್ನು ಎರಡನೇ ಗೇರಿನಲ್ಲಿ ಮುಗಿಸಿ ಆಕ್ಸಿಲರೇಟರ್ ಒತ್ತಿ ನೋಡಬೇಕು. ಒಗ್ಗರಣೆ ಸೌಟಿನಲ್ಲಿ ಎಣ್ಣೆ ಕಾಯುವ ಹಾಗೆ ಒಂದು ಕ್ಷಣ ಗಾಡಿ ಸುಮ್ಮನಿರುತ್ತದೆ. ಎಂಜಿನ್ನಿನ ಸುತ್ತು ತೋರಿಸುವ ಮೀಟರಿನ ಮುಳ್ಳು 2000 ದಾಟಿತೋ, ಸಾಸಿವೆ ಸಿಡಿಯುತ್ತದೆ. ಸ್ಟೀರಿಂಗ್ ಹೈಡ್ರಾಲಿಕ್ ಆದ್ದರಿಂದ ಪಾರ್ಕಿಂಗ್ ಮಾಡುವಾಗ ತೋಳು ನೋಯುತ್ತದೆ, ಆದರೆ ಘಾಟಿಯಲ್ಲಿ ಮುಂದಿನ ಟಯರ್ ಯಾವ ಜಲ್ಲಿಕಲ್ಲಿನ ಮೇಲಿದೆ ಎಂಬುದು ಅಂಗೈಗೇ ತಿಳಿಯುತ್ತದೆ. ಈ ಸುಖ ಉಳಿದೆರಡರಲ್ಲಿ ನನಗೆ ಸಿಗಲಿಲ್ಲ.

ಪೋಲೊ ಜಾಣ. ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ನನಗಿಂತ ಮುಂಚೆಯೇ ಯೋಚಿಸಿ ಗೇರ್ ಬದಲಿಸಿರುತ್ತದೆ. ನನ್ನ ಎಡಗಾಲಿಗೆ ಅದು ಅವಮಾನ. ಬಾಗಿಲು ಹಾಕಿದಾಗಿನ ಸದ್ದಿಗೆ ಮಾತ್ರ ಇವತ್ತಿಗೂ ಹೊಟ್ಟೆಕಿಚ್ಚು ಪಡುತ್ತೇನೆ.

ಬಲೆನೊ ಆರ್‌ಎಸ್ ಹಗುರ, ಚುರುಕು. 1.0 ಲೀಟರಿನ ಮೂರು ಸಿಲಿಂಡರ್ ಬೂಸ್ಟರ್‌ಜೆಟ್ ಎಂಜಿನ್‌ಗೆ 102 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಹಾಸನದ ಪೇಟೆಯಲ್ಲಿ ಆಟೊ ಒಂದು ಅದರ ಕನ್ನಡಿ ಮುರಿದುಕೊಂಡು ಹೋಯಿತು. ಭಾವ ಮಧ್ಯಾಹ್ನ ಅಂಗಡಿಗೆ ಹೋದರು, ಸಂಜೆ ಕಾಫಿಯ ಹೊತ್ತಿಗೆ ಹೊಸ ಕನ್ನಡಿ ಹಾಕಿಸಿಕೊಂಡು ಬಂದರು. ಊರಿಗೊಂದು ನೂರು ಇರುವ ಮಾಮೂಲಿ ಬಲೆನೊದ ಕನ್ನಡಿಯೇ ಅದಕ್ಕೂ ಹೊಂದುತ್ತದೆ.

ಈಗ ನನ್ನ ಚಕ್ರದ ಕಥೆ.

ಹುಣಸೂರು ರಸ್ತೆಯಲ್ಲಿ ನೀರು ತುಂಬಿದ್ದ ಗುಂಡಿಯೊಂದಕ್ಕೆ ಎಡಗಡೆಯ ಮುಂದಿನ ಚಕ್ರ ಬಿತ್ತು. ಶಬ್ದ ಬಂತು, ಇಳಿದು ನೋಡಿದೆ, ಏನೂ ಆಗಿರಲಿಲ್ಲ. ನಾಲ್ಕು ದಿನಕ್ಕೆ ಗಾಳಿ 33ರಿಂದ 20ಕ್ಕೆ ಇಳಿದಿತ್ತು. ಪಂಕ್ಚರ್ ಅಂಗಡಿಯವರು ಟಯರಿನ ಮೇಲೆಲ್ಲ ಸೋಪಿನ ನೀರು ಬಳಿದರು, ಗುಳ್ಳೆ ಏಳಲಿಲ್ಲ. ವಾಲ್ವ್ ಬದಲಿಸಿದರು, ಮತ್ತೆ ಅದೇ ಪಾಡು. ಮೂರನೇ ಸಲ ಚಕ್ರ ಬಿಚ್ಚಿ ತೊಟ್ಟಿಯಲ್ಲಿ ಮುಳುಗಿಸಿದಾಗ, ರಿಮ್ಮಿನ ಒಳಮೈಯಿಂದ ಸಣ್ಣಗೆ ಗುಳ್ಳೆಗಳ ಸಾಲು. ಕೂದಲೆಳೆಯಷ್ಟು ಬಿರುಕು.

ಬೆಂಗಳೂರಿನಲ್ಲಿ ಅಲಾಯ್ ಬೆಸುಗೆ ಹಾಕುವವರಿಗೆ 2,500 ರೂಪಾಯಿ ಕೊಟ್ಟೆ. ಐದು ವಾರ ತಡೆಯಿತು, ಆಮೇಲೆ ಮತ್ತೆ ಸೋರಿತು. ಹೊಸದೇ ಹಾಕೋಣವೆಂದು ಹೊರಟರೆ, ಈ 16 ಇಂಚಿನ ಚೇಳಿನ ವಿನ್ಯಾಸದ ಚಕ್ರ ಮಾಮೂಲಿ ಪುಂಟೊಗೂ ಇಲ್ಲವಲ್ಲ! ಜೆ.ಸಿ. ರಸ್ತೆಯ ಒಬ್ಬರು ಮೊಬೈಲಿನಲ್ಲಿ ಫೋಟೊ ತೋರಿಸಿ, “ಒರಿಜಿನಲ್ ಸರ್, ನಾಳೆಯೇ ತರಿಸುತ್ತೇನೆ” ಎಂದರು. 6,000 ಮುಂಗಡ ಕೊಟ್ಟೆ. ‘ನಾಳೆ’ ಬಂದದ್ದು ಇಪ್ಪತ್ತೆರಡು ದಿನಕ್ಕೆ: ಸಾಮಾನ್ಯ ಪುಂಟೊದ 15 ಇಂಚಿನ ಚಕ್ರ, ಮೇಲೆ ಹೊಸ ಕಪ್ಪು ಬಣ್ಣ. ಮುಂಗಡ ಇವತ್ತಿಗೂ ಅವರ ಹತ್ತಿರವೇ ಇದೆ.

ಒಟ್ಟು ನಾಲ್ಕೂವರೆ ತಿಂಗಳು. ಸ್ಟೆಪ್ನಿ ಹಾಕಿಕೊಂಡು ಊರೊಳಗೆ ಮಾತ್ರ ಓಡಾಡಿದೆ. ಅದನ್ನು ಹಾಕುವುದೂ ಒಂದು ವ್ರತ. ಬಲೆನೊದಲ್ಲಿ ಕಂಬಿ ಹೊರಚಾಚಿರುತ್ತದೆ, ಚಕ್ರವನ್ನು ಅದಕ್ಕೆ ತೂಗುಹಾಕಿ ನಟ್ ಬಿಗಿದರೆ ಆಯಿತು. ಪುಂಟೊಗೆ ಬೋಲ್ಟುಗಳು. ಚಕ್ರವನ್ನು ಪಾದದ ಮೇಲೆ ಎತ್ತಿ ಹಿಡಿದು, ರಂಧ್ರಕ್ಕೆ ರಂಧ್ರ ಹೊಂದಿಸಿ, ಬೋಲ್ಟನ್ನು ತಡವುತ್ತಾ ತೂರಿಸಬೇಕು. ಮಳೆಯಲ್ಲಿ ಒಮ್ಮೆ ಮಾಡಿ ನೋಡಿ, ಇಟಲಿಯ ಮೇಲಿನ ಅರ್ಧ ಪ್ರೀತಿ ಅಲ್ಲೇ ಇಳಿಯುತ್ತದೆ.

ಕೊನೆಗೆ ಕೊಯಮತ್ತೂರಿನಲ್ಲಿ ಅಪಘಾತವಾಗಿ ನಿಂತಿದ್ದ ಒಂದು ಅಬಾರ್ಥ್ ಸಿಕ್ಕಿತು. ಮಾಲೀಕರು ಬಿಡಿಯಾಗಿ ಕೊಡಲು ಒಪ್ಪಲಿಲ್ಲ. ನಾಲ್ಕಕ್ಕೂ ಸೇರಿಸಿ 32,000. ತಂದೆ.

ಎಂಜಿನ್ ವಿಷಯದಲ್ಲಿ ಇಷ್ಟು ಗೋಳಿಲ್ಲ. ಇದೇ 1.4 ಟಿ-ಜೆಟ್ ಎಂಜಿನ್ ಕಡಿಮೆ ಶಕ್ತಿಯಲ್ಲಿ ಫಿಯಟ್‌ನದೇ ಲೀನಿಯಾ ಕಾರಿನಲ್ಲೂ ಇತ್ತು. ಆದ್ದರಿಂದ ಬಿಡಿಭಾಗದ ಅಂಗಡಿಯಲ್ಲಿ ಅಬಾರ್ಥ್ ಎಂಬ ಹೆಸರನ್ನೇ ಎತ್ತಬಾರದು. ಹೆಸರು ಕೇಳಿದರೆ ಒಬ್ಬರು ಕೈ ಮುಗಿಯುತ್ತಾರೆ, ಇನ್ನೊಬ್ಬರು ಬೆಲೆ ಏರಿಸುತ್ತಾರೆ. “ಲೀನಿಯಾ ಟಿ-ಜೆಟ್‌ನದು ಕೊಡಿ” ಎನ್ನಬೇಕು. ಇದನ್ನು ಕಲಿಸಿದ್ದು ನನ್ನ ಮೆಕ್ಯಾನಿಕ್. ಅವರು ನಿವೃತ್ತರಾಗುವ ಮಾತೆತ್ತಿದಾಗಲೆಲ್ಲ ನಾನು ವಿಷಯ ಬದಲಿಸುತ್ತೇನೆ.

ಪೆಟ್ರೋಲ್: ಊರಿನಲ್ಲಿ ಲೀಟರಿಗೆ ಒಂಬತ್ತು ಕಿಲೋಮೀಟರ್, ಹೆದ್ದಾರಿಯಲ್ಲಿ ಹದಿಮೂರು. ಭಾವನ ಬಲೆನೊ ಹದಿನೇಳು ಕೊಟ್ಟಿತು. ಅದನ್ನು ಅವರು ಊಟದ ಎಲೆಯ ಮುಂದೆ ಕೂತಾಗಲೇ ನೆನಪಿಸುತ್ತಾರೆ.

ಇನ್ನು ತೀರ್ಮಾನ. ಮನೆಗೆ ಒಂದೇ ಕಾರು, ಬೆಳಗ್ಗೆ ಒಂಬತ್ತಕ್ಕೆ ಕಚೇರಿಯಲ್ಲಿರಬೇಕು ಎನ್ನುವವರು ಕಣ್ಣು ಮುಚ್ಚಿಕೊಂಡು ಬಲೆನೊ ಆರ್‌ಎಸ್ ಹುಡುಕಿ. ಬೆಂಗಳೂರಿನ ದಟ್ಟಣೆಯೇ ನಿಮ್ಮ ಹಣೆಬರಹವಾಗಿದ್ದರೆ ಪೋಲೊ. ನನ್ನ ಲೆಕ್ಕ ಬೇರೆ. ಕೆಲಸ ಮನೆಯಿಂದಲೇ, ಪೇಟೆಗೆ ಸ್ಕೂಟರ್ ಇದೆ, ವರ್ಷಕ್ಕೆ ಆರು ಸಾವಿರ ಕಿಲೋಮೀಟರ್ ಓಡಿಸಿದರೆ ಹೆಚ್ಚು. 4.6 ಲಕ್ಷ ಕೊಟ್ಟು ತಂದ ಕಾರಿಗೆ ವರ್ಷಕ್ಕೆ ನಲವತ್ತು ಸಾವಿರ ಎತ್ತಿಡುತ್ತೇನೆ, ಉಳಿದರೆ ಮುಂದಿನ ವರ್ಷದ ಟಯರಿಗೆ. ಸಂಪಾಜೆಗೆ ತಿಂಗಳಿಗೊಮ್ಮೆ ಹೋಗುವವನಿಗೆ ಇದು ದುಬಾರಿ ಎನಿಸಿಲ್ಲ.

ಉಳಿದ ಮೂರು ಚಕ್ರ ಮಂಚದ ಕೆಳಗೆ, ಹಳೆ ಸೀರೆಯಲ್ಲಿ ಸುತ್ತಿಕೊಂಡು ಮಲಗಿವೆ. ಇಬ್ಬರು ಈಗಾಗಲೇ ವಿಚಾರಿಸಿದ್ದಾರೆ. ಮಾರುವುದಿಲ್ಲ.