ಕನ್ನಡ ಪಠ್ಯ ಒಡೆಯೋಕೆ ಸಿ ಭಾಷೆಯ ಡಬ್ಲ್ಯುಸಿಎಸ್‌ಟಾಕ್: ಹಲವು ವರ್ಷ ಬಳಸಿದ ಮೇಲೆ

ಟೈಪ್ ಮಾಡಿಟ್ಟ ಯಕ್ಷಗಾನ ಪ್ರಸಂಗದ ಪದ್ಯಗಳಿಂದ ಪದ ಎಲ್ಲಾ ಬೇರೆ ಮಾಡಿ ಅಕಾರಾದಿ ಪಟ್ಟಿ ತೆಗೆಯೋ ಪ್ರೋಗ್ರಾಂ ಒಂದನ್ನ ತೀರ್ಥಹಳ್ಳಿಲಿ ಕೂತು ಹಲವು ವರ್ಷದಿಂದ ನಡೆಸ್ತಾ ಇದೀನಿ, ಅದ್ರಲ್ಲಿ ಒಡೆಯೋ ಕೆಲಸ ಪೂರ್ತಿ, ನಾವು ಹೇಳಿದ ಗುರುತು ಸಿಕ್ಕ ಕಡೆ ಪಠ್ಯ ತುಂಡು ಮಾಡೋ ಸಿ ಫಂಕ್ಷನ್ ಆದ ಡಬ್ಲ್ಯುಸಿಎಸ್‌ಟಾಕ್‌ದೇ. ಕನ್ನಡಕ್ಕೆ ಇದನ್ನ ಧೈರ್ಯವಾಗಿ ತಗೊಳ್ಳಿ ಅಂತೀನಿ, ಒಂದು ಕೆಲಸ ಬಿಟ್ಟು.

ಸ್ಟ್ರ್‌ಟಾಕ್ ಸಾಕಲ್ವಾ ಅಂತ ಕೇಳೋರಿದಾರೆ, ಅದು ಇದೇ ಕೆಲಸನ ಬೈಟ್ ಲೆಕ್ಕದಲ್ಲಿ ಮಾಡೋ ಫಂಕ್ಷನ್. ಬರೀ ಸ್ಪೇಸು, ಕಾಮಾದಲ್ಲಿ ಒಡೆಯೋದಾದ್ರೆ ಯುಟಿಎಫ್-8 (ಅಕ್ಷರಗಳನ್ನ ಬೈಟುಗಳಾಗಿ ಬರೆದಿಡೋ ರೀತಿ) ಪಠ್ಯಕ್ಕೆ ಅದೂ ಸಾಕು. ಆದ್ರೆ ಪದ್ಯ ಅಂದ್ಮೇಲೆ ನಡುವೆ '।' ಇರುತ್ತೆ, ಕೊನೆಗೆ '॥' ಇರುತ್ತೆ. ಯುಟಿಎಫ್-8ರಲ್ಲಿ ಈ '।' ಅಂದ್ರೆ ಇ0, ಎ5, ಎ4 ಅಂತ ಮೂರು ಬೈಟು, ಸ್ಟ್ರ್‌ಟಾಕ್ ಆ ಮೂರನ್ನೂ ಬಿಡಿಬಿಡಿ ಡೆಲಿಮಿಟರ್ (ಒಡೆಯೋ ಗುರುತು) ಅಂತ ತಗೊಳ್ಳುತ್ತೆ, ಕನ್ನಡದ ಪ್ರತಿ ಅಕ್ಷರ ಶುರುವಾಗೋದೇ ಇ0 ಬೈಟಿಂದ, ಅಲ್ಲಿಗೆ ಇಡೀ ಪದ್ಯ ಚಿಂದಿ. ಡಬ್ಲ್ಯುಸಿಎಸ್‌ಟಾಕ್ ಬಳಸೋ ವೈಡ್ ಕ್ಯಾರೆಕ್ಟರಲ್ಲಿ, ಅಂದ್ರೆ ಒಂದೊಂದು ಕನ್ನಡ ಚಿಹ್ನೆಗೂ ಒಂದೊಂದು ಸಂಖ್ಯೆ ಇಡೋ ರೀತಿಲಿ, '।' ಒಂದೇ ಒಂದು ಸಂಖ್ಯೆ, ಯುನಿಕೋಡ್ 0964, ಹಾಗಾಗಿ ಈ ಗಲಾಟೆನೇ ಇಲ್ಲ. ಲಿನಕ್ಸಲ್ಲಿ ಒಂದು ವೈಡ್ ಕ್ಯಾರೆಕ್ಟರ್ 4 ಬೈಟು, ವಿಂಡೋಸಲ್ಲಿ 2, ಕನ್ನಡಕ್ಕೆ ಎರಡೂ ಸಾಕಾಗುತ್ತೆ. ಆದ್ರೆ ವೈಡ್ ಅಂದ ತಕ್ಷಣ ನಾವು ಓದೋ ಅಕ್ಷರ ಎಣಿಸುತ್ತೆ ಅಂದ್ಕೋಬೇಡಿ, 'ಶಿವಮೊಗ್ಗ' ನಮಗೆ ನಾಲ್ಕಕ್ಷರ, ಸ್ವರಚಿಹ್ನೆ, ಒತ್ತು ಎಲ್ಲಾ ಬೇರೆ ಬೇರೆ ಎಣಿಸೋದ್ರಿಂದ ಅದಕ್ಕೆ 8.

ಡಬ್ಲ್ಯುಸಿಎಸ್‌ಟಾಕಲ್ಲಿ ನಂಗೆ ತುಂಬಾ ಇಷ್ಟ ಆಗೋದು ಮೂರನೇ ಆರ್ಗ್ಯುಮೆಂಟ್, ಅಂದ್ರೆ ಕರೆಯೋವಾಗ ನಾವು ಅದಕ್ಕೆ ಕೊಡೋ ಮೂರನೇ ಮಾಹಿತಿ. ಸ್ಟ್ರ್‌ಟಾಕ್ ಎಲ್ಲಿಗೆ ನಿಲ್ಲಿಸಿದೆ ಅನ್ನೋದನ್ನ ತನ್ನೊಳಗೇ ಇಟ್ಕೊಳ್ಳುತ್ತೆ, ಒಂದು ಒಡೆಯೋ ಕೆಲಸದ ಮಧ್ಯೆ ಇನ್ನೊಂದು ಶುರು ಮಾಡಿದ್ರೆ ಮೊದಲ್ನೇದು ಮರೆತೇ ಹೋಗುತ್ತೆ. ಇಲ್ಲಿ ಆ ಗುರುತನ್ನ ನಾವು ಕೊಟ್ಟ ಪಾಯಿಂಟರಲ್ಲಿ (ಮೆಮೊರಿಯ ಜಾಗ ತೋರಿಸೋ ವೇರಿಯಬಲ್) ಇಡುತ್ತೆ. ನಾನು ಹೊರಗಿನ ಲೂಪಲ್ಲಿ '॥' ಇಟ್ಟು ಪದ್ಯ ಬೇರೆ ಮಾಡ್ತೀನಿ, ಒಳಗಿನ ಲೂಪಲ್ಲಿ ಇನ್ನೊಂದು ಪಾಯಿಂಟರ್ ಕೊಟ್ಟು ಸ್ಪೇಸು, '।', ಹೊಸ ಸಾಲು ಇಷ್ಟನ್ನೂ ಒಟ್ಟಿಗೆ ಕೊಟ್ಟು ಪದ ಬಿಡಿಸ್ತೀನಿ, ಒಂದಕ್ಕೊಂದು ತಾಗೋದೇ ಇಲ್ಲ. 1995ರ ತಿದ್ದುಪಡಿಲಿ ಸಿ ಸ್ಟ್ಯಾಂಡರ್ಡಿಗೆ ಸೇರಿಸಿದಾಗ್ಲೇ ಇದನ್ನ ಹೀಗೆ ಮಾಡಿದ್ದು ನಿಜಕ್ಕೂ ಒಳ್ಳೇ ಕೆಲಸ.

ಬೇಡ ಅಂದ ಆ ಒಂದು ಕೆಲಸ ಯಾವ್ದು ಅಂದ್ರೆ ಖಾಲಿ ಕಾಲಂ ಇರೋ ಡೇಟಾ. ಅಡಿಕೆ ಮಂಡಿ ದರದ ಫೈಲೇ ತಗೊಳ್ಳಿ, ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಒಂದೊಂದಕ್ಕೆ ಒಂದೊಂದು ಸಾಲು, ಹೆಸರಾದ ಮೇಲೆ ಕನಿಷ್ಠ, ಆಮೇಲೆ ಗರಿಷ್ಠ. ಬೆಟ್ಟೆಗೆ ಕನಿಷ್ಠ ದರ ಬರೀದೇ ಇದ್ರೆ ಎರಡು ಕಾಮಾ ಅಂಟ್ಕೊಂಡು ಬರ್ತವೆ, ಡಬ್ಲ್ಯುಸಿಎಸ್‌ಟಾಕ್ ಎರಡನ್ನೂ ಸೇರಿಸಿ ಒಂದೇ ಅಂತ ದಾಟಿಸ್ಬಿಡುತ್ತೆ, ಗರಿಷ್ಠ ದರ ಬಂದು ಕನಿಷ್ಠದ ಜಾಗದಲ್ಲಿ ಕೂರುತ್ತೆ. ಬೆಳೆಗಾರರು ಈ ದರ ನೋಡಿ ಚೀಲ ಲೋಡ್ ಮಾಡ್ಸೋರು, ಇಂಥದ್ರಲ್ಲಿ ರಿಸ್ಕ್ ಬೇಡ್ವೇ ಬೇಡ, ಮುಂದಿನ ಕಾಮಾ ಎಲ್ಲಿದೆ ಅಂತ ಹುಡುಕಿ ಕೈಯಾರೆ ಒಡೀರಿ.

ಉಳಿದಂತೆ, ಕನ್ನಡ ಫೈಲ್ ಓದೋ ಮೊದ್ಲು, ಯಾವ ಭಾಷೆ, ಯಾವ ಎನ್‌ಕೋಡಿಂಗ್ ಅಂತ ಪ್ರೋಗ್ರಾಂಗೆ ಹೇಳೋ ಸೆಟ್‌ಲೊಕೇಲ್ ಆಗಿರ್ಲೇಬೇಕು. ಡಬ್ಲ್ಯುಸಿಎಸ್‌ಟಾಕ್ ಡೆಲಿಮಿಟರ್ ಇದ್ದ ಕಡೆ ಸೊನ್ನೆ ಬರೆದು ಮೂಲ ಸ್ಟ್ರಿಂಗನ್ನೇ (ಒಡೆಯೋಕೆ ಕೊಟ್ಟ ಪಠ್ಯವನ್ನೇ) ಬದಲಾಯಿಸುತ್ತೆ, ಅದಕ್ಕೆ ಪದ್ಯ ಮತ್ತೆ ಬೇಕಾಗೋದಾದ್ರೆ ಕಾಪಿ ಇಟ್ಕೊಳ್ಳಿ, ಕೋಡಲ್ಲೇ ಉದ್ಧರಣ ಚಿಹ್ನೆ ಒಳಗೆ ಬರೆದಿಟ್ಟ ಸ್ಟ್ರಿಂಗ್ ಲಿಟರಲ್ ಅಂತೂ ಕೊಡಲೇಬೇಡಿ. ವಿಂಡೋಸಿನವರಿಗೆ ಇನ್ನೊಂದು ವಿಷ್ಯ, ವಿಜುವಲ್ ಸ್ಟುಡಿಯೋ 2015ಕ್ಕಿಂತ ಹಳೇದ್ರಲ್ಲಿ ಇದಕ್ಕೆ ಎರಡೇ ಆರ್ಗ್ಯುಮೆಂಟ್ ಇತ್ತು, ಹಳೇ ಕೋಡ್ ಹೊಸದಕ್ಕೆ ತರೋರು ಮೊದ್ಲು ಆ ಸಾಲುಗಳನ್ನ ನೋಡ್ಕೊಳ್ಳಿ.