ಸವಳು ನೀರಿನ ಊರಿನಲ್ಲಿ ಕೂಸಿನ ಕೋಣೆಗೆ ಯಾವ ಕೂಲರ್?

ಮೊದಲೇ ಹೇಳಿಬಿಡುತ್ತೇನೆ. ವಿಜಯಪುರದಂಥ ಊರು, ಬೋರ್ ನೀರಿನ ಮನೆ, ಮನೆಯಲ್ಲಿ ಎರಡು ವರ್ಷದ ಕೂಸು ಇದ್ದರೆ ನನ್ನ ಆಯ್ಕೆ ಪ್ಲಾಸ್ಟಿಕ್ ಬಾಡಿಯ ಕೂಲರ್, ಅದರಲ್ಲೂ ಹುಲ್ಲಿನ ಪ್ಯಾಡ್ ಹಾಕಿದ್ದು. ಅಂಗಡಿಯವರು ಮುಂದೆ ತಂದಿಡುವುದು ಹನಿಕೋಂಬ್, ಅಂದರೆ ಜೇನುಗೂಡಿನಂಥ ಕಿಂಡಿಗಳ ಕಾಗದದ ಪ್ಯಾಡಿನದನ್ನು. ನಾವೂ ಮೊದಲು ಕೊಂಡದ್ದು ಅದನ್ನೇ. ಯುಗಾದಿಗೆ ತಂದ ಪ್ಯಾಡು ಮೇ ನಡುವಿಗೆ ಬಿಳಿ ಕಲ್ಲಾಗಿತ್ತು. ಹಳೆಯ ತಗಡಿನ ಕೂಲರ್, ಹನಿಕೋಂಬ್ ಕೂಲರ್, ಹುಲ್ಲು ಹಾಕಿದ ಪ್ಲಾಸ್ಟಿಕ್ ಕೂಲರ್, ಒಂದು ಟನ್ನಿನ ಎಸಿ, ಈ ನಾಲ್ಕನ್ನೂ ಸ್ಲ್ಯಾಬಿನ ಕೆಳಗಿನ ಒಂದೇ ಕೋಣೆಯಲ್ಲಿ ಓಡಿಸಿ ನೋಡಿದ ಮೇಲಿನ ಮಾತು ಇದು. ಟ್ಯಾಂಕಿನ ಲೀಟರ್, ಫ್ಯಾನಿನ ಇಂಚು, ರಿಮೋಟು ಎಲ್ಲ ಡಬ್ಬಿಯ ಮೇಲೇ ಬರೆದಿರುತ್ತದೆ, ಅವನ್ನು ಬಿಟ್ಟಿದ್ದೇನೆ.

ಕೂಲರ್ ಒಣ ಹವೆಯ ಯಂತ್ರ. ಪಂಪು ಪ್ಯಾಡನ್ನು ಒದ್ದೆ ಮಾಡುತ್ತದೆ, ಫ್ಯಾನು ಅದರ ಮೂಲಕ ಹೊರಗಿನ ಗಾಳಿ ಎಳೆಯುತ್ತದೆ, ನೀರು ಆವಿಯಾಗುತ್ತಾ ಗಾಳಿ ತಂಪಾಗುತ್ತದೆ. ಏಪ್ರಿಲ್ ಕೊನೆಯ ಮಧ್ಯಾಹ್ನ ಹೊರಗೆ 41 ಡಿಗ್ರಿ, ಗಾಳಿಯಲ್ಲಿ ತೇವಾಂಶ ಶೇ. 20 ಇದ್ದರೆ ಒಳ್ಳೆಯ ಪ್ಯಾಡು ದಾಟಿ ಬಂದ ಗಾಳಿ 28 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಅದೇ ಮಿರಗದ ಮಳೆ ಹಿಡಿದು 33 ಡಿಗ್ರಿ, ಶೇ. 65 ತೇವಾಂಶ ಆದ ದಿನ ಇಳಿಯುವುದು ನಾಲ್ಕೇ ಡಿಗ್ರಿ, ಮೈಯೆಲ್ಲ ಅಂಟಂಟು. ಆದ್ದರಿಂದ ಈ ಮಾತೆಲ್ಲ ಯುಗಾದಿಯಿಂದ ಕಾರಹುಣ್ಣಿಮೆವರೆಗೆ, ವಿಜಯಪುರ ಮತ್ತು ಬಾಗಲಕೋಟೆ ಕಡೆಯ ಮನೆಗಳಿಗೆ. ಬೆಳಗಾವಿ ಎತ್ತರದ ಊರು, ಬೇಸಿಗೆಯಲ್ಲೂ ಸಂಜೆಯ ಮಳೆ ಬೀಳುತ್ತದೆ. ಅಲ್ಲಿ ಬಹಳಷ್ಟು ಮನೆಗೆ ಸೀಲಿಂಗ್ ಫ್ಯಾನ್ ಸಾಕು.

ಈಗ ನೀರಿನ ವಿಷಯ. ನಿರ್ಧಾರ ಆಗುವುದೇ ಇಲ್ಲಿ.

ಕೂಲರಿನಿಂದ ಆವಿಯಾಗಿ ಹೋಗುವುದು ಬರೀ ನೀರು. ಅದರಲ್ಲಿ ಕರಗಿದ್ದ ಉಪ್ಪು, ಸುಣ್ಣ ಎಲ್ಲ ಹಿಂದೆಯೇ ಉಳಿಯುತ್ತದೆ. ಒಣ ಬಿಸಿಲಿನಲ್ಲಿ ದೊಡ್ಡ ಕೂಲರ್ ತಾಸಿಗೆ 8ರಿಂದ 10 ಲೀಟರ್ ಕುಡಿಯುತ್ತದೆ. ಮಧ್ಯಾಹ್ನ ನಾಲ್ಕು ತಾಸು, ರಾತ್ರಿ ಆರು ತಾಸು ಓಡಿಸಿದರೆ ದಿನಕ್ಕೆ 80 ಲೀಟರ್, ಅಂದರೆ ಐದಾರು ಕೊಡ. ಲೀಟರಿಗೆ 1,000 ಮಿಲಿಗ್ರಾಂ ಟಿಡಿಎಸ್ (ಕರಗಿದ ಉಪ್ಪು, ಸುಣ್ಣದ ಒಟ್ಟು ಪ್ರಮಾಣ) ಇರುವ ಬೋರ್ ನೀರಾದರೆ ದಿನಕ್ಕೆ 80 ಗ್ರಾಂ, ತಿಂಗಳಿಗೆ 2.4 ಕೆ.ಜಿ. ಉಪ್ಪು ಕೂಲರಿನೊಳಗೇ ಕೂತಿತು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ 500, ಬೇರೆ ನೀರೇ ಇಲ್ಲದಿದ್ದರೆ 2,000. ನಮ್ಮ ಕಡೆಯ ಸವಳು ಬೋರಿಗೆ 1,000 ದೊಡ್ಡ ಅಂಕಿಯೇನಲ್ಲ. ನಳದಲ್ಲಿ ಬರುವ ಹೊಳೆ ನೀರು ಇದಕ್ಕಿಂತ ಎಷ್ಟೋ ಮೇಲು. ಆದರೆ ಅದು ದಿನಾಲು ಬರುವುದಿಲ್ಲ. ಬಂದದ್ದು ಕುಡಿಯಲು, ಅಡುಗೆಗೆ, ಕೂಸಿನ ಮೈತೊಳೆಯಲು ಬೇಕು. ಅದರಲ್ಲಿ ಐದಾರು ಕೊಡ ಕೂಲರಿಗೆ ಸುರಿಯಲು ಯಾರಿಗೂ ಮನಸ್ಸು ಬಾರದು, ಬರಲೂ ಬಾರದು.

ಹನಿಕೋಂಬ್ ಅಂದರೆ ರಾಳ ಕುಡಿಸಿ ಗಟ್ಟಿ ಮಾಡಿದ ಕಾಗದ. ಅಲೆ ಅಲೆಯಾಗಿ ಮಡಚಿ ಅಂಟಿಸಿರುತ್ತಾರೆ, ಒಂದೊಂದು ಕಿಂಡಿ 5ರಿಂದ 7 ಮಿ.ಮೀ. ಹೊರಗಿನ ಬಿಸಿಗಾಳಿ ಮೊದಲು ತಾಗುವ ಮುಖದಲ್ಲಿ ನೀರು ಬೇಗ ಆರುತ್ತದೆ, ಸುಣ್ಣ ಕಟ್ಟಲು ಶುರುವಾಗುವುದೂ ಅಲ್ಲೇ. ಮೇಲಿನ ನೀರು ಹಂಚುವ ದೋಣಿಯಲ್ಲಿ ಒಂದು ತೂತು ಕಟ್ಟಿಕೊಂಡರೆ ಅದರ ಕೆಳಗಿನ ಪಟ್ಟಿ ಅರೆಬರೆ ಒದ್ದೆಯಾಗುತ್ತದೆ. ಅರೆಬರೆ ಒದ್ದೆಯಾದ ಜಾಗದಲ್ಲಿ ಸುಣ್ಣ ಇನ್ನಷ್ಟು ಬೇಗ ಹಿಡಿಯುತ್ತದೆ, ಬಿಳಿ ಗೆರೆ ದಿನದಿನಕ್ಕೆ ಅಗಲವಾಗುತ್ತದೆ. ಅರ್ಧ ಕಿಂಡಿ ಮುಚ್ಚಿದ ಮೇಲೆ ಉಳಿದ ಕಿಂಡಿಗಳಲ್ಲಿ ಗಾಳಿ ಜೋರಾಗಿ ನುಗ್ಗಿ ನೀರಿನ ಹನಿಯನ್ನೇ ಎತ್ತಿಕೊಂಡು ಬರುತ್ತದೆ. ಹಾಸಿಗೆಯ ಮೇಲೆ ಸಣ್ಣ ತುಂತುರು, ಅದು ಆರಿದಲ್ಲಿ ಬಿಳಿ ಚುಕ್ಕೆ. ಕೂಲರ್ ಮೊದಲಿನ ಹಾಗೆ ತಂಪು ಕೊಡುತ್ತಿಲ್ಲ ಎಂದು ಕರೆಸಿದರೆ ರಿಪೇರಿಯವರು ಕೆಪಾಸಿಟರ್ ಬದಲಿಸಿ ಹೋಗುತ್ತಾರೆ. ಮೊದಲು ಪ್ಯಾಡಿನ ಹೊರಮುಖಕ್ಕೆ ಉಗುರು ಗೀರಿ ನೋಡಿ: ಮೆತ್ತಗೆ ತಗ್ಗಿದರೆ ಪ್ಯಾಡು ಇನ್ನೂ ಬಾಳುತ್ತದೆ, ಕರಕರ ಅಂದರೆ ಅದು ಮುಗಿಯಿತು.

ತೊಳೆದರೆ ಹೋಗುವುದಿಲ್ಲವೇ? ಹತ್ತು ಲೀಟರ್ ನೀರಿಗೆ 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್ ಪುಡಿ) ಹಾಕಿ, ಫ್ಯಾನ್ ಬಂದ್ ಇಟ್ಟು ಪಂಪು ಮಾತ್ರ ಅರ್ಧ ತಾಸು ಓಡಿಸುವುದು ಸರಿಯಾದ ಕ್ರಮ. ತೆಳ್ಳನೆಯ ಪೊರೆ ಬಿಟ್ಟುಕೊಳ್ಳುತ್ತದೆ. ಆದರೆ 100 ಗ್ರಾಂ ನಿಂಬೆ ಉಪ್ಪು ಕರಗಿಸಬಲ್ಲ ಸುಣ್ಣ ಹೆಚ್ಚೆಂದರೆ 80 ಗ್ರಾಂ. ತಿಂಗಳ ಸುಣ್ಣ ಕಟ್ಟಿದ ಮೇಲೆ ಎಷ್ಟು ಪುಡಿ ಸುರಿದರೂ ಸಾಲದು. ತಂತಿ ಬ್ರಷ್ ಹಾಕಿದರೆ ಕಾಗದ ಕಿತ್ತು ಬರುತ್ತದೆ. ಪಾಯಖಾನೆ ತೊಳೆಯುವ ಆ್ಯಸಿಡ್ ಹಾಕಿ ಅಂತ ಹೇಳುವವರೂ ಇದ್ದಾರೆ. ಕೂಸು ಮಲಗುವ ಕೋಣೆಗೆ ಗಾಳಿ ಊದುವ ಯಂತ್ರಕ್ಕೆ ಅದನ್ನು ಮುಟ್ಟಿಸಲೇಬೇಡಿ.

ಪ್ಯಾಡು ಯಾವುದೇ ಇರಲಿ, ಟ್ಯಾಂಕ್ ಖಾಲಿ ಮಾಡದೆ ಮೇಲಿಂದ ಮೇಲೆ ನೀರು ತುಂಬುವುದೇ ದೊಡ್ಡ ತಪ್ಪು. 50 ಲೀಟರ್ ಟ್ಯಾಂಕಿಗೆ ಮೂರು ದಿನ ಬರೀ ತುಂಬುತ್ತಾ ಹೋದರೆ ಒಳಗಿನ ಉಪ್ಪು ಮೊದಲಿನ ಸುಮಾರು ಆರು ಪಟ್ಟು. ಬೆಳಿಗ್ಗೆ ತಳದಲ್ಲಿ ಉಳಿದ ಎಂಟು-ಹತ್ತು ಲೀಟರನ್ನು ಡ್ರೇನ್ ಬುಚ್ಚು ತೆಗೆದು ಚೆಲ್ಲಿ, ಆಮೇಲೆ ಹೊಸ ನೀರು. ಚೆಲ್ಲಿದ್ದನ್ನು ಬಚ್ಚಲಿಗೆ, ಅಂಗಳ ತೊಳೆಯಲು ಬಳಸಿ, ತುಳಸಿಗೆ ಹಾಕಬೇಡಿ. ಹೊಳೆ ನೀರು ಸಿಗುವವರು ದಿನಕ್ಕೆ ಒಂದು ಕೊಡ ಎತ್ತಿಟ್ಟು, ರಾತ್ರಿ ಬಂದ್ ಮಾಡುವ ಮುನ್ನ ಫ್ಯಾನ್ ನಿಲ್ಲಿಸಿ ಆ ನೀರನ್ನು ಹತ್ತು ನಿಮಿಷ ಪಂಪಿನಲ್ಲಿ ಹರಿಸಿದರೆ ಹನಿಕೋಂಬ್ ಎರಡು ಬೇಸಿಗೆ ತಡೆಯಬಹುದು. ಇದನ್ನು ದಿನಾಲು ಮಾಡುವ ಶಿಸ್ತು ಇರುವ ಮನೆಗೆ ಹನಿಕೋಂಬ್ ಒಳ್ಳೆಯದೇ: ಅದು ನೀರು ಹೆಚ್ಚು ಹೊತ್ತು ಹಿಡಿದಿಡುತ್ತದೆ, ಕಸ ಉದುರಿಸುವುದಿಲ್ಲ. ಚಿಕ್ಕ ಕೂಸಿನ ಮನೆಯಲ್ಲಿ ರಾತ್ರಿ ಅದಕ್ಕೆ ಕೈ ಬಿಡುವಿರುವುದಿಲ್ಲ.

ಹುಲ್ಲಿನ ಪ್ಯಾಡಿಗೂ ಸುಣ್ಣ ಹಿಡಿಯುತ್ತದೆ. ವ್ಯತ್ಯಾಸ ಏನೆಂದರೆ, ಅದನ್ನು ಕಿತ್ತು ಎಸೆದು ಹೊಸದು ಹಾಕಬಹುದು; ಮೂರು ಬದಿಯ ಹನಿಕೋಂಬ್ ಸೆಟ್ಟಿನ ದುಡ್ಡಿಗೆ ಹುಲ್ಲು ನಾಲ್ಕೈದು ಸಲ ಬದಲಾಗುತ್ತದೆ. ಯುಗಾದಿಗೆ ಒಂದು ಸಲ, ಮೇ ಮೊದಲ ವಾರಕ್ಕೆ ಇನ್ನೊಂದು ಸಲ, ಇಷ್ಟೇ ನನ್ನ ಲೆಕ್ಕ. ಅಂಗಡಿಯಲ್ಲಿ ಹುಲ್ಲು ಅಂದರೂ ಅದು ಕಟ್ಟಿಗೆಯ ಸಣ್ಣ ಎಳೆ, ಅದರ ದೋಷವೂ ಸಣ್ಣದಲ್ಲ. ಒದ್ದೆಯಾದ ಹತ್ತು ದಿನಕ್ಕೆ ಅದು ಕುಸಿದು ಕೆಳಗೆ ಕೂಡುತ್ತದೆ, ಮೇಲೆ ನಾಲ್ಕು ಬೆರಳು ಖಾಲಿ. ಬಿಸಿಗಾಳಿ ಸಲೀಸಾದ ದಾರಿ ಹುಡುಕಿ ಆ ಸಂದಿಯಿಂದಲೇ ಒಳಗೆ ಬರುತ್ತದೆ, ಕೆಳಗಿನ ಒದ್ದೆ ಹುಲ್ಲು ಇದ್ದೂ ಇಲ್ಲದಂತೆ. ಜಾಳಿಗೆ ತುಂಬುವಾಗ ಎಳೆಗಳನ್ನು ಬಿಡಿಸಿ ಸಮನಾಗಿ ಹರಡಿ, ನಡುವೆ ಅಡ್ಡಲಾಗಿ ಎರಡು ಕಡೆ ನೈಲಾನ್ ದಾರ ಕಟ್ಟಿದರೆ ಕುಸಿತ ಬಹಳ ಕಡಿಮೆ. ಹೊಸ ಹುಲ್ಲನ್ನು ಮೊದಲು ಒಂದು ರಾತ್ರಿ ಬಕೆಟ್ಟಿನಲ್ಲಿ ನೆನೆಹಾಕಿ ಕಂದು ನೀರು ಚೆಲ್ಲಿ. ಹಾಗೆ ಮಾಡದಿದ್ದರೆ ಮೊದಲ ದಿನದ ಧೂಳು ಕೂಸಿನ ಮೂಗಿಗೆ, ಉದುರಿದ ಎಳೆ ಪಂಪಿನ ಬಾಯಿಗೆ. ಪಂಪಿಗೆ ಹಳೆಯ ನೈಲಾನ್ ಬಟ್ಟೆಯ ತುಂಡು ಸುತ್ತಿ ರಬ್ಬರ್ ಹಾಕಿ. ಪಂಪು ಬಂದ್ ಮಾಡಿದ ಮೇಲೂ ಫ್ಯಾನು ಇಪ್ಪತ್ತು ನಿಮಿಷವಾದರೂ ಓಡಲಿ. ಹುಲ್ಲು ಆರದೆ ಬಿಟ್ಟರೆ ಕೊಳೆತ ವಾಸನೆ ಬರುತ್ತದೆ.

ಲಾವಂಚದ ಪ್ಯಾಡು ಪರಿಮಳಕ್ಕೆ ಚೆಂದ, ಗಾಳಿಯ ಹರಿವು ಕಡಿಮೆ, ಬೆಲೆ ಹೆಚ್ಚು.

ತಗಡಿನ ಕೂಲರ್ ಪ್ಲಾಸ್ಟಿಕ್ಕಿನದಕ್ಕಿಂತ ಜೋರು ಗಾಳಿ ಕೊಡುತ್ತದೆ, ಅಗ್ಗ, ಯಾವ ಓಣಿಯಲ್ಲೂ ರಿಪೇರಿ ಆಗುತ್ತದೆ. ಆದರೂ ಕೂಸಿನ ಮನೆಗೆ ಬೇಡ. ನೀರು ತೀರಿದ್ದು ಗೊತ್ತಾಗದೆ ಪಂಪು ಒಣಗಿ ಓಡಿದರೆ ಕಾದು ಅದರ ಮೈ ಬಿರುಕು ಬಿಡುತ್ತದೆ. ಮತ್ತೆ ನೀರು ತುಂಬಿದಾಗ ಕರೆಂಟು ನೀರಿಗೆ, ನೀರಿನಿಂದ ತಗಡಿಗೆ. ಅರ್ತಿಂಗ್ ಸರಿ ಇಲ್ಲದ ಮನೆಯಲ್ಲಿ ಇಡೀ ಕೂಲರಿನ ಮೈ ಕರೆಂಟು ಹೊತ್ತು ನಿಂತಿರುತ್ತದೆ, ಒದ್ದೆ ನೆಲದ ಮೇಲೆ ಬರಿಗಾಲಿನ ಕೂಸು ಅದನ್ನು ಹಿಡಿದು ಎದ್ದು ನಿಲ್ಲುತ್ತದೆ. ಮನೆಯಲ್ಲಿ ಈಗಾಗಲೇ ತಗಡಿನದೇ ಇದ್ದರೆ ಮೂರು ಪಿನ್ನಿನ ಪ್ಲಗ್ಗು, ಪರೀಕ್ಷಿಸಿದ ಅರ್ತಿಂಗ್, ಕರೆಂಟು ಸೋರಿದರೆ ತಾನೇ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಈ ಮೂರೂ ಇಲ್ಲದೆ ಓಡಿಸಬೇಡಿ. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಪ್ಲಾಸ್ಟಿಕ್ ಬಾಡಿಯಲ್ಲೂ ಟ್ಯಾಂಕಿನ ನೀರು ಕರೆಂಟು ಹಿಡಿದಿರಬಹುದು. ಪ್ಲಗ್ಗು ಕಿತ್ತ ಮೇಲೆಯೇ ಕೈ ಹಾಕುವುದು. ತಗಡಿನದರ ಮುಂದಿನ ಜಾಳಿಗೆಯ ಸಂದಿಯಲ್ಲಿ ಕೂಸಿನ ಬೆರಳು ಸರಾಗವಾಗಿ ಹೋಗುತ್ತದೆ, ಇದೂ ಒಂದು ಕಾರಣ. ಪ್ಲಾಸ್ಟಿಕ್ಕಿನದರ ಗಾಲಿಗೆ ಬ್ರೇಕು ಹಾಕಿಡಿ, ಡ್ರೇನ್ ಬುಚ್ಚು ಗೋಡೆಯ ಕಡೆ ಬರುವಂತೆ ತಿರುಗಿಸಿ.

ಸೊಳ್ಳೆಯ ಮಾತು ಚಿಕ್ಕದು, ಆದರೆ ಬಿಡುವಂಥದ್ದಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೂಲರಿನ ಟ್ಯಾಂಕ್ ಪ್ರಿಯವಾದ ಜಾಗ. ಅದರ ಮೊಟ್ಟೆ ನೀರಂಚಿನ ಗೋಡೆಗೆ ಅಂಟಿ, ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತದೆ. ಬರೀ ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ಒಳಗೋಡೆಯನ್ನು ನಾರಿನಿಂದ ಉಜ್ಜಿ ಒಣಗಿಸಬೇಕು.

ಇಡುವ ಜಾಗ ಸರಿ ಇಲ್ಲದಿದ್ದರೆ ಯಾವ ಪ್ಯಾಡೂ ಕೆಲಸ ಮಾಡದು. ಕೂಲರಿನ ಬೆನ್ನು ತೆರೆದ ಕಿಟಕಿಗೆ ಇರಲಿ, ಎದುರಿನ ಬಾಗಿಲೋ ಕಿಟಕಿಯೋ ನಾಲ್ಕು ಬೆರಳು ತೆರೆದಿರಲಿ. ಎಸಿಯಂತೆ ಎಲ್ಲ ಮುಚ್ಚಿ ಮಲಗಿದರೆ ಅದೇ ತೇವದ ಗಾಳಿ ತಿರುತಿರುಗಿ ಕೂಸಿನ ಕುತ್ತಿಗೆಗೆ, ಬೆನ್ನಿಗೆ ಬೆವರುಸಾಲೆ ಏಳುತ್ತದೆ. ಗಾಳಿಯನ್ನು ನೇರ ಮೈಗೆ ಬಿಡದೆ ಮುಂದಿನ ಲೂವರ್ ಪಟ್ಟಿಗಳನ್ನು ಮೇಲೆತ್ತಿ, ಹಾಸಿಗೆ ಐದಾರು ಅಡಿ ದೂರ ಹಾಸಿ. ಕೂಸಿನ ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಿ: ಬೆವರಿದ್ದರೆ ಸೆಕೆ, ತಣ್ಣಗಿದ್ದರೆ ಗಾಳಿ ಹೆಚ್ಚಾಯಿತು. ಕೈಕಾಲು ತಣ್ಣಗಿರುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸ್ಲ್ಯಾಬು ನಡುರಾತ್ರಿವರೆಗೂ ಕಾವು ಬಿಡುತ್ತಿರುತ್ತದೆ, ಅಲ್ಲಿಯವರೆಗೆ ಪಂಪು ಬೇಕು. ಮೂರು ಗಂಟೆಯ ಮೇಲೆ ಫ್ಯಾನ್ ಮಾತ್ರ ಸಾಕು. ನೀರೂ ಉಳಿಯುತ್ತದೆ, ನಸುಕಿನಲ್ಲಿ ಕೂಸು ಮೂಗು ಕಟ್ಟಿಕೊಂಡು ಏಳುವುದೂ ತಪ್ಪುತ್ತದೆ.

ಎಸಿ ಬಗ್ಗೆ ದೂರಿಲ್ಲ. 26–27ಕ್ಕೆ ಇಟ್ಟು ಫ್ಯಾನನ್ನು ಮೆಲ್ಲಗೆ ಹಾಕಿದರೆ ಕೂಸು ಚೆನ್ನಾಗಿ ಮಲಗುತ್ತದೆ, ನೀರು ಹೊರುವ ಕೆಲಸ ಇಲ್ಲ, ಜೂನಿನ ಅಂಟು ಸೆಕೆಗೂ ಅದೇ ಮದ್ದು. ನನ್ನನ್ನು ತಡೆದದ್ದು ಬಿಲ್ಲು. ಹತ್ತು ತಾಸಿಗೆ ಕೂಲರ್ ಎರಡು ಯೂನಿಟ್‌ಗಿಂತ ಕಡಿಮೆ ತಿಂದರೆ ಒಂದು ಟನ್ನಿನ ಇನ್ವರ್ಟರ್ ಎಸಿ ಐದಾರು ಯೂನಿಟ್ ತಿನ್ನುತ್ತದೆ, ತಿಂಗಳಿಗೆ 150ರ ಮೇಲೆ. 2023ರ ಜುಲೈಯಿಂದ ಇರುವ ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ಫ್ರಿಡ್ಜು, ಫ್ಯಾನು, ಟಿವಿಗೆ ಎಸಿಯೂ ಸೇರಿದರೆ ಆ ಗೆರೆ ದಾಟಿಯೇ ತೀರುತ್ತದೆ. ಕರೆಂಟು ಹೋದಾಗ ಮನೆಯ ಇನ್ವರ್ಟರ್ ಮೇಲೆ ಎಸಿ ಓಡದು. 150 ಎಎಚ್ ಬ್ಯಾಟರಿ ಚೆನ್ನಾಗಿದ್ದರೆ ಕೂಲರ್ ನಾಲ್ಕೈದು ತಾಸು ಓಡುತ್ತದೆ; ಇನ್ವರ್ಟರ್ ಸೈನ್ ವೇವ್ ಇರಲಿ, ಸ್ಕ್ವೇರ್ ವೇವಿಗೆ ಮೋಟರು ಗುಂಯ್ ಎಂದು ಬಿಸಿಯಾಗುತ್ತದೆ.

ಮಾಳಿಗೆ ಮೇಲೆ ಸೊಳ್ಳೆಪರದೆ ಕಟ್ಟಿ ಮಲಗುವುದು ಇವೆಲ್ಲಕ್ಕಿಂತ ಹಿತ, ಸುತ್ತ ಎತ್ತರದ ಗೋಡೆ ಇದ್ದರೆ ಮಾತ್ರ.

ಹೀಗಾಗಿ, ನಳದ ನೀರು ಧಾರಾಳ ಬರುವ ಮನೆಯವರು ಹನಿಕೋಂಬ್ ಕೊಳ್ಳಲಿ. ಬಿಲ್ಲಿನ ಚಿಂತೆ ಇಲ್ಲದವರಿಗೆ, ಕಿಟಕಿಯೇ ಇಲ್ಲದ ಕೋಣೆಗೆ ಎಸಿ. ಉಳಿದವರು ಅಂಗಡಿಗೆ ಹೋದಾಗ ಹಿಂದಿನ ಜಾಳಿಗೆಯನ್ನು ಅಲ್ಲೇ ಬಿಚ್ಚಿಸಿ ನೋಡಿ. ಹುಲ್ಲು ಹಿಡಿಯುವ ಚೌಕಟ್ಟು ಒಳಗೂ ಹೊರಗೂ ಎರಡು ಪದರ ಜಾಳಿಗೆಯದಾಗಿರಬೇಕು, ಸ್ಕ್ರೂ ಇಲ್ಲದೆ ಕೈಯಲ್ಲೇ ಬಿಚ್ಚಿ ಬರಬೇಕು. ಹನಿಕೋಂಬಿಗಷ್ಟೇ ಮಾಡಿದ ಕೆಲವು ಮಾಡೆಲ್‌ಗಳಲ್ಲಿ ಒಳಗಿನ ಪದರ ಇರುವುದಿಲ್ಲ. ಅದಕ್ಕೆ ಹುಲ್ಲು ತುಂಬಿದರೆ ಎಳೆಗಳು ನೇರ ಫ್ಯಾನಿಗೆ ಸಿಕ್ಕಿಕೊಳ್ಳುತ್ತವೆ. ನೀರು ಹಂಚುವ ದೋಣಿಯ ಮುಚ್ಚಳ ತೆಗೆಯಲು ಬರುತ್ತದೋ, ತೂತಿನೊಳಗೆ ಹಿಡಿಕಡ್ಡಿ ಆಡಿಸಬಹುದೋ ಅದನ್ನೂ ನೋಡಿಯೇ ದುಡ್ಡು ಕೊಡಿ.